ಡಿಕ್ಕಿಯಲ್ಲಿ ಐದು ಹಲಸಿನ ಹಣ್ಣು

ವ್ಯಾಪಾರದ ಕೆಲಸಕ್ಕೆ ವಿದೇಶದಿಂದ ಬಂದವರಿಗೆ ಸಂಜೆ ಹೊತ್ತು ಏನು ತೋರಿಸಬೇಕು ಎಂಬ ಪ್ರಶ್ನೆಗೆ ಚನ್ನಪಟ್ಟಣದಲ್ಲಿ ಇನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ. ಹಗಲಿನದು ಸುಲಭ. ಮರದ ಆಟಿಕೆ ಮಾಡುವ ನಮ್ಮ ಕಾರ್ಖಾನೆಯಲ್ಲಿ ಅವರು ಗಿಲಕಿ ಅಲ್ಲಾಡಿಸಿ ನೋಡುತ್ತಾರೆ, ಬಣ್ಣವನ್ನು ಉಗುರಿನಿಂದ ಕೆರೆಯುತ್ತಾರೆ, ಮಗು ಇದನ್ನು ಬಾಯಿಗೆ ಹಾಕಿಕೊಂಡರೆ ಏನಾಗುತ್ತದೆ ಎಂದು ಕೇಳುತ್ತಾರೆ. ಏನೂ ಆಗುವುದಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಎಂ.ಕಾಂ. ಓದಿದ ನನಗೆ ಅಲ್ಲಿ ಸಂಬಳ ಕೊಡುವುದು ಮುಖ್ಯವಾಗಿ ಈ ಮಾತು ಹೇಳುವುದಕ್ಕೆ. ತೊಂದರೆ ಶುರುವಾಗುವುದು ಕೆಲಸ ಮುಗಿದ ಮೇಲೆ.

ಕಾರ್ಖಾನೆಯ ಯಜಮಾನರು ಬಂದವರನ್ನೆಲ್ಲ ರಾಮನಗರದ ಬೆಟ್ಟದ ಬುಡಕ್ಕೆ ಕರೆದೊಯ್ದು, ಬಂಡೆಯ ಮುಂದೆ ನಿಲ್ಲಿಸಿ, ಫೋಟೋ ತೆಗೆಸಿ, ಹೆದ್ದಾರಿಯ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನಿಸಿ ಕೋಣೆಗೆ ಬಿಡುತ್ತಾರೆ. ಎರಡನೇ ಸಂಜೆಗೆ ಅವರ ಹತ್ತಿರ ಯಾವ ಯೋಜನೆಯೂ ಇಲ್ಲ. ಹೆಚ್ಚಿನವರಿಗೆ ಎರಡನೇ ಸಂಜೆ ಇರುವುದೂ ಇಲ್ಲ.

ಡೆನ್ಮಾರ್ಕಿನಿಂದ ಬಂದ ಆ ಹೆಂಗಸಿಗೆ ಇತ್ತು. ನನಗಿಂತ ಇಪ್ಪತ್ತು ವರ್ಷ ದೊಡ್ಡವರಿರಬೇಕು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಬಸ್ಸು ಹಿಡಿಯಲು ಹೊರಟವರ ಹಾಗೆ. ತಮ್ಮ ದೇಶದ ಅಂಗಡಿಗಳಿಗೆ ಕೂಸುಗಳ ಆಟಿಕೆ ಕೊಳ್ಳಲು ಬಂದಿದ್ದರು. ಬಣ್ಣದ ಪರೀಕ್ಷೆಯ ವರದಿ ಮರುದಿನ ಬೆಳಿಗ್ಗೆಯೇ ಬರುವುದು ಎಂದು ಗೊತ್ತಾದಾಗ ಊಟದ ಹೊತ್ತು. ಅಲ್ಲಿಂದ ರಾತ್ರಿಯವರೆಗೂ ಅವರಿಗೆ ಬಿಡುವು. ಬೆಟ್ಟ ಆಗಿತ್ತು, ಇಡ್ಲಿಯೂ ಆಗಿತ್ತು.

"ನಮ್ಮ ಕೆಲಸದಲ್ಲಿ ದೇಶ ನೋಡುವುದಿಲ್ಲ, ಹೋಟೆಲಿನ ಪರದೆ ನೋಡುತ್ತೇವೆ" ಎಂದರು ಅವರು. "ಬಿಡುವು ಸಿಕ್ಕಿದ ಸಂಜೆ ನಾನು ಕೋಣೆಯಲ್ಲಿ ಕೂರುವುದಿಲ್ಲ. ನಿನಗೆ ಬಿಡುವಾದರೆ ಎಲ್ಲಿಗೆ ಹೋಗುತ್ತೀಯ?"

ಬಟ್ಟೆ ಒಗೆಯುತ್ತೇನೆ ಎಂದೆ. ಅದು ನಿಜ. ಅವರು ನಕ್ಕರು, ನಾನೂ ನಕ್ಕೆ. ಆಮೇಲೆ, ಎರಡು ದಿನ ರಜೆ ಸಿಕ್ಕಿದರೆ ಸೋದರಮಾವನ ಮನೆಗೆ ಹೋಗುತ್ತೇನೆ ಎಂದೆ. ಅದೂ ನಿಜವೇ. ಆದರೆ ಹೇಳಬೇಕಾಗಿರಲಿಲ್ಲ.

ಮಾವನ ಮನೆ ಇರುವುದು ಕನಕಪುರ ತಾಲ್ಲೂಕಿನ ತೆಂಕಣ ತುದಿಯಲ್ಲಿ, ದೊಡ್ಡಆಲಹಳ್ಳಿ ದಾಟಿ ಉಯ್ಯಂಬಳ್ಳಿ ಕಡೆಗೆ ಹೋಗುವಾಗ. ನಡುವೆ ಒಂದಷ್ಟು ದೂರ ಕಾಡಿನೊಳಗೇ ರಸ್ತೆ. ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮೇಜಿನ ಮೇಲಿದ್ದ ಮರದ ಬಾತುಕೋಳಿಯನ್ನು ನೋಡಿದರು.

"ಹೋಗ್ಬನ್ನಿ. ಕತ್ತಲಾಗೋಕ್ ಮುಂಚೆ ಕಾಡಿಂದ ಈಚೆ ಬಂದ್ಬುಡಿ. ಅವರನ್ನ ಹೆಂಗೆ ಕರ್ಕಂಡ್ ಹೋಗ್ತೀರೋ ಹಂಗೇ ವಾಪಸ್ ತರ್ಬೇಕು. ಆರ್ಡರ್‌ಗೆ ಇನ್ನೂ ಸಹಿ ಬಿದ್ದಿಲ್ಲ."

ಮಾವನಿಗೆ ಫೋನ್ ಮಾಡಿದೆ. ಅವರದೂ ಅದೇ ಮಾತು, ಸಹಿಯೊಂದು ಬಿಟ್ಟು.

"ಬಾ ಮಗ, ಅದಕ್ಕೇನ್ ಕೇಳೀಯ. ಆದ್ರೆ ಹೊತ್ತು ಮುಳುಗೋಕ್ ಮುಂಚೆ ಕಾಡು ದಾಟ್ಬುಡ್ಬೇಕು. ಹಲಸಿನ ಕಾಲ. ಒಂಟಿ ಸಲಗ ಒಂದು ರೋಡಲ್ಲೇ ಓಡಾಡ್ಕಂಡೈತೆ."

"ಕಂಡ್ರೆ ಏನ್ ಮಾಡ್ಬೇಕು ಮಾವ?"

"ಲೈಟ್ ಆರ್ಸಿ, ಗಾಡಿ ಆಫ್ ಮಾಡಿ ಸುಮ್ಕೆ ಕುಂತ್ಕಬೇಕು. ಅದ್ರ ಪಾಡಿಗೆ ಅದು ಹೋಯ್ತದೆ. ನಮ್ಮತ್ರ ಅದಕ್ಕೇನ್ ಕೆಲ್ಸ?"

ಕಾರ್ಖಾನೆಗೆ ಯಾವಾಗಲೂ ಬರುವ ಬಾಡಿಗೆ ಕಾರು, ಯಾವಾಗಲೂ ಬರುವ ಡ್ರೈವರಣ್ಣ. ರಾಮನಗರದ ಪೇಟೆಯವರು. ದಾರಿಯಲ್ಲಿ ನಾನು ಆನೆಯ ವಿಷಯ ತೆಗೆದೆ. ಆನೆ ನೋಡಿದ್ದೇನೆ, ದಸರಾ ಮೆರವಣಿಗೆಯಲ್ಲಿ, ಟಿ.ವಿ.ಯಲ್ಲಿ ಎಂದರು. ಅತಿಥಿಗೆ ಅನುವಾದ ಮಾಡಿ ಹೇಳಿದೆ. ತಾನೂ ಅಷ್ಟೇ ಎಂದರು. ಹಾಗೆ ನೋಡಿದರೆ ನಾನೂ ಅಷ್ಟೇ. ಮಾವನ ಊರಿಗೆ ಚಿಕ್ಕಂದಿನಿಂದ ಹೋಗುತ್ತಿದ್ದರೂ ಆನೆಯ ಲದ್ದಿ ಮತ್ತು ಆನೆ ಮುರಿದ ಬೇಲಿ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ.

ಸಾತನೂರು ದಾಟಿ, ದೊಡ್ಡಆಲಹಳ್ಳಿಯಲ್ಲಿ ಟೀ ಕುಡಿದು, ಬಿಸಿಲು ಇನ್ನೂ ಚುರುಕಾಗಿರುವಾಗಲೇ ಕಾಡು ಹಾದೆವು. ಹಗಲಿನಲ್ಲಿ ಅದು ಕಾಡು ಅನ್ನಿಸುವುದಿಲ್ಲ. ಯಾರೋ ನೋಡಿಕೊಳ್ಳದೆ ಬಿಟ್ಟ ಜಮೀನಿನ ಹಾಗೆ ಕಾಣುತ್ತದೆ.

ಮಾವನದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ನಾವು ಹೋದಾಗ ಹುಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಜೋರಾಗಿ ಸೊಪ್ಪು ಮೇಯುತ್ತಿತ್ತು. ಅತಿಥಿ ನೋಡಬೇಕೆಂದರು. ಮಾವ ಹುಳುಮನೆಯ ಬಾಗಿಲಲ್ಲಿ ಅಡ್ಡ ನಿಂತರು. ಕಾಲು ತೊಳೆಯಬೇಕು, ಸುಣ್ಣದ ಪುಡಿ ತುಳಿದು ಬರಬೇಕು, ಅದೆಲ್ಲ ಸರಿ. ಆದರೆ ಅವರ ಮೈಮೇಲೆ ಸೆಂಟು ಇದೆ.

"ಹುಳಕ್ಕೆ ವಾಸ್ನೆ ಆಗಲ್ಲ ಕಣವ್ವ. ಬೇಜಾರ್ ಮಾಡ್ಕಬ್ಯಾಡಿ ಅನ್ನು. ಒಸಿ ಕಿಟಕೀಲಿ ನೋಡ್ಲಿ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಿಟಕಿಯ ಸರಳಿಗೆ ಹಣೆ ಒತ್ತಿ ತುಂಬ ಹೊತ್ತು ನೋಡಿದರು. ಇಷ್ಟು ಶ್ರದ್ಧೆಯಿಂದ ಊಟ ಮಾಡುವವರನ್ನು ತಾನು ಕಂಡಿಲ್ಲ ಎಂದರು. ಆ ಮಾತನ್ನು ಮಾವನಿಗೆ ಹೇಳಿದಾಗ ಅವರಿಗೆ ಹುಳುವಿನ ಪರವಾಗಿ ಹೆಮ್ಮೆಯಾಯಿತು. ವಾಸನೆಯ ವಿಷಯದಲ್ಲಿ ಮಾವ ಅಷ್ಟು ಹುಷಾರು. ಊದುಬತ್ತಿ ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಿದರೂ ಅತ್ತೆಗೆ ಬೈಗುಳ.

ಬಂದ ಕೂಡಲೇ ನಾನು, ಬೇಗ ಹೊರಡಬೇಕು, ಕಾಫಿ ಸಾಕು ಎಂದು ಹೇಳಿದ್ದೆ. ಅತ್ತೆ ಹೂಂ ಅಂದಿದ್ದರು. ಅವರು ಹೂಂ ಅಂದಾಗಲೇ ಕೋಳಿ ಒಲೆಯ ಮೇಲಿತ್ತು. ನಾಟಿ ಕೋಳಿ ಬೇಯುವುದು ತನ್ನ ಸಮಯಕ್ಕೆ. ಹೊತ್ತಲ್ಲದ ಹೊತ್ತಿನಲ್ಲಿ ಮುದ್ದೆ ಕಟ್ಟಿ, ಅತಿಥಿಯ ತಟ್ಟೆಗೆ ದೊಡ್ಡದೊಂದು ಇಟ್ಟರು. ನುಂಗಬೇಕು, ಅಗಿಯಬಾರದು ಎಂದು ನಾನು ತೋರಿಸಿಕೊಟ್ಟೆ. ಅವರು ತಲೆಯಾಡಿಸಿ, ಅಗಿಯತೊಡಗಿದರು. ಜಗಲಿಯ ಮೇಲೆ ಪಕ್ಕದ ಮನೆಯ ಇಬ್ಬರು ಗಂಡಸರು ಇದನ್ನು ನೋಡಲೆಂದೇ ಕೂತಿದ್ದರು.

"ಅಗೀತಾವ್ಳೆ ಕಣ್ಲಾ. ಮುದ್ದೇನ ಅಗೀತಾವ್ಳೆ!"

"ಅಗೀಲಿ ಬುಡ್ಲಾ. ಅವಳ ಹಲ್ಲು, ನಿಂದೇನ್ ಹೋಯ್ತದೆ?"

"ಹಿಂಗ್ ಅಗುದ್ರೆ ಮುಗಿಯೋ ಹೊತ್ಗೆ ಆನೆಯೇ ಬಂದು ಪಂಕ್ತೀಲಿ ಕುಂತ್ಕತದೆ."

ಅವರೇನು ಅಂದರು ಎಂದು ಅತಿಥಿ ಕೇಳಿದರು. ಊಟ ಹೇಗಿದೆ ಎಂದು ಕೇಳುತ್ತಿದ್ದಾರೆ ಎಂದೆ. ತುಂಬ ಚೆನ್ನಾಗಿದೆ ಎಂದು ಅವರು ಆ ಗಂಡಸರಿಗೆ ಕೈಯೆತ್ತಿ ಹೇಳಿದರು. ಗಂಡಸರೂ ಕೈಯೆತ್ತಿದರು. ಹಿಪ್ಪುನೇರಳೆ ತೋಟದ ಮೇಲಿನ ಬಿಸಿಲು ಆಗಲೇ ಹಳದಿಯಾಗಿತ್ತು. ನಾನು ಎದ್ದು ನಿಂತೆ. ನಮ್ಮ ಕಡೆ ಎದ್ದು ನಿಂತರೆ ಹೊರಟಂತಲ್ಲ, ಹೊರಡುವ ಮಾತು ಈಗ ಶುರು ಮಾಡಬಹುದು ಎಂದು ಅರ್ಥ.

ಇಲ್ಲಿ ಆ ಊರಿನ ಒಂದು ಪದ್ಧತಿಯನ್ನು ಹೇಳಬೇಕು. ಹಲಸಿನ ಕಾಲದಲ್ಲಿ ಅಲ್ಲಿ ಯಾರೂ ಹಣ್ಣಾದ ಹಲಸನ್ನು ಹೊತ್ತು ಮುಳುಗಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹಿಂದಿನ ವರ್ಷ ಮಂಚದ ಕೆಳಗೆ ಗೋಣಿ ಮುಚ್ಚಿ ಇಟ್ಟ ಒಂದು ಹಣ್ಣಿಗಾಗಿ ಆನೆ ಪಕ್ಕದ ಬೀದಿಯ ಮನೆಯೊಂದರ ಗೋಡೆಯನ್ನೇ ಒತ್ತಿ ಕೆಡವಿತ್ತು. ಮಂಚದ ಮೇಲೆ ಮಲಗಿದ್ದ ಅಜ್ಜಿಗೆ ಏನೂ ಆಗಲಿಲ್ಲ. ಹಣ್ಣು ಎಳೆದುಕೊಂಡು ಹೋಯಿತು. ಅಂದಿನಿಂದ ಹಲಸು ತಿನ್ನುವುದೇನಿದ್ದರೂ ಮಧ್ಯಾಹ್ನ. ಮಿಕ್ಕಿದ್ದನ್ನು ಹಸುವಿಗೆ ಹಾಕುತ್ತಾರೆ, ಇಲ್ಲವೆ ಸಂಜೆಯೊಳಗೆ ಊರಾಚೆಯ ಹಳ್ಳಕ್ಕೆ ಎಸೆದು, ಕೈಬಾಯಿ ತೊಳೆದುಕೊಂಡು, ಸಿಪ್ಪೆ ಬಿದ್ದ ಜಾಗಕ್ಕೆ ಸಗಣಿ ನೀರು ಹಾಕುತ್ತಾರೆ. ಮಕ್ಕಳಿಗೂ ಗೊತ್ತಿರುವ ನಿಯಮ ಇದು.

ಇನ್ನೊಂದು ನಿಯಮವೂ ಉಂಟು. ಅದು ಇದಕ್ಕಿಂತ ಹಳೆಯದು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು.

ಆ ಸಂಜೆ ಎರಡನೆಯ ನಿಯಮ ಮೊದಲು ನೆನಪಾಯಿತು.

ಮಾವ ಹಿತ್ತಲಿಂದ ಎರಡು ಹಣ್ಣು ಹೊತ್ತು ತಂದರು. ಬೆರಳಿನಿಂದ ತಟ್ಟಿ ಸದ್ದು ಕೇಳಿಸಿದರು. ಪಕ್ವವಾಗಿದೆ, ಬೆಳಗಿನವರೆಗೂ ತಡೆಯುವುದಿಲ್ಲ ಎಂದರು.

"ಅತ್ತೆ, ವಿಮಾನದಲ್ಲಿ ಬಿಡಲ್ಲ ಇದನ್ನ" ಎಂದೆ ನಾನು.

"ವಿಮಾನದೋರ್ಗೂ ಎರಡು ತೊಳೆ ಕೊಡ್ಲಿ, ಬುಡ್ತಾರೆ. ದೇಶ ಬುಟ್ಟು ದೇಶಕ್ಕೆ ಬಂದವ್ಳೆ, ಬರಿಗೈಲಿ ಕಳ್ಸಕಾಯ್ತದಾ?"

ಅಷ್ಟರಲ್ಲಿ ಜಗಲಿಯ ಗಂಡಸರಲ್ಲಿ ಒಬ್ಬರು ತಮ್ಮ ಮನೆಯಿಂದ ಇನ್ನೆರಡು ತಂದರು. ನಾನು ಡಿಕ್ಕಿಯ ಮುಂದೆ ನಿಂತು ಸಾಕು ಸಾಕು ಎಂದೆ.

"ಅವ್ರ ಮನೇದ್ ಹಾಕ್ಕಂಡು ನಮ್ಮನೇದ್ ಬುಟ್ಟೋದ್ರೆ ಹೆಂಗವ್ವ? ನಮ್ದೇನ್ ಸಪ್ಪೆಯಾ?"

ನಾನು ಪಕ್ಕಕ್ಕೆ ಸರಿದೆ. ಇನ್ನೊಬ್ಬ ಗಂಡಸು ಒಂದೇ ತಂದರು, ಆದರೆ ಅದು ಒಂದು ಕರುವಿನಷ್ಟಿತ್ತು. ಅವರೆಲ್ಲ ಸೇರಿ ಡಿಕ್ಕಿಗೆ ತುಂಬಿದರು, ಉರುಳದಂತೆ ನಡುವೆ ಗೋಣಿ ತುರುಕಿದರು. ಅತ್ತೆ ಮೊದಲೇ ಕೊಯ್ದಿಟ್ಟಿದ್ದ ಇನ್ನೊಂದು ಹಣ್ಣಿನ ತೊಳೆ ಬಿಡಿಸಿ, ಸ್ಟೀಲ್ ಡಬ್ಬಿಗೆ ತುಂಬಿ, ಹಿಂದಿನ ಸೀಟಿನಲ್ಲಿ ಕೂತಿದ್ದ ಅತಿಥಿಯ ತೊಡೆಯ ಮೇಲಿಟ್ಟರು.

"ಡಬ್ಬಿ ಮಾತ್ರ ವಾಪಸ್ ತಂದ್ಕೊಡು ಕಣವ್ವ. ಜೋಡಿ ಡಬ್ಬಿ ಅದು."

ಡಬ್ಬಿ ವಾಪಸ್ ಬರಬೇಕಂತೆ ಎಂದು ನಾನು ಅನುವಾದಿಸಿದೆ. ಅತಿಥಿ ಎರಡು ಕೈಯಲ್ಲೂ ಡಬ್ಬಿ ಹಿಡಿದು, ಖಂಡಿತ ಎಂದರು.

ಊರಿಗೆ ಊರೇ ಹಣ್ಣಿನ ವಿಷಯದಲ್ಲಿ ಅಷ್ಟು ಎಚ್ಚರ. ಮನೆಯಲ್ಲಿ ಇಡಬಾರದು, ಕೊಟ್ಟಿಗೆಯಲ್ಲಿ ಇಡಬಾರದು, ಹುಲ್ಲಿನ ಮೆದೆಯಲ್ಲಿ ಬಚ್ಚಿಡಬಾರದು. ಕಾರಿನಲ್ಲಿ ಇಡಬಾರದು ಎಂದು ಯಾರಿಗೂ ಹೊಳೆಯಲಿಲ್ಲ. ಕಾರು ಹೊರಟು ಹೋಗುವ ವಸ್ತುವಲ್ಲವೇ? ಊರಿನಿಂದ ಹಣ್ಣು ಹೊರಗೆ ಹೋದರೆ ಊರು ಕ್ಷೇಮ. ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನನಗೂ ಹೊಳೆಯಲಿಲ್ಲ. "ಬೇಗ ದಾಟ್ಬುಡಿ, ಎಲ್ಲೂ ನಿಲ್ಲಿಸ್ಬ್ಯಾಡಿ" ಎಂದು ಮಾವ ಕಾರಿನ ಬೆನ್ನು ತಟ್ಟಿದರು.

ಹೊತ್ತು ಮುಳುಗಿತ್ತು. ಬೆಳಕು ಇನ್ನೂ ಸ್ವಲ್ಪ ಇತ್ತು. ಡ್ರೈವರಣ್ಣ ಕಿಟಕಿ ಏರಿಸಿ ಎ.ಸಿ. ಹಾಕಿದರು. ಐದು ಪಕ್ವ ಹಲಸು, ಒಂದು ಡಬ್ಬಿ ತೊಳೆ, ಮುಚ್ಚಿದ ಕಾರು. ನಮಗೆ ಅದು ಪರಿಮಳ. ಅತಿಥಿಯ ಮುಖ ಸ್ವಲ್ಪ ಹೊತ್ತಿನಲ್ಲೇ ಅವರು ಪರೀಕ್ಷಿಸುವ ಹಸಿರು ಬಣ್ಣದ ಗಿಲಕಿಯಂತಾಯಿತು. ತುಂಬ ಸಂಕೋಚದಿಂದ, ಒಂದು ಕಿಟಕಿ ತೆಗೆಯಬಹುದೇ ಎಂದು ಕೇಳಿದರು. ತೆಗೆದೆವು. ಒಂದಲ್ಲ, ನಾಲ್ಕೂ. ಕಾಡಿನ ತಂಪು ಒಳಗೆ ಬಂತು. ನಮ್ಮ ಹಣ್ಣಿನ ವಾಸನೆ ಹೊರಗೆ ಹೋಯಿತು.

ರಸ್ತೆ ಒಂದು ಏರು ಹತ್ತಿ, ತಿರುಗಿ, ಹಳ್ಳದ ಮೋರಿಯ ಕಡೆಗೆ ಇಳಿಯುತ್ತದೆ. ತಿರುವು ಮುಗಿದಲ್ಲಿ ಅದು ನಿಂತಿತ್ತು. ರಸ್ತೆಯ ಎಡಗಡೆ, ಬೇಲಿಗೆ ಮೈ ತಾಗಿಸಿ, ಬಸ್ಸಿಗೆ ಕಾಯುವವರ ಹಾಗೆ.

ಡ್ರೈವರಣ್ಣ ಬ್ರೇಕ್ ಹಾಕಿದರು. ನಾನು ಮಾವ ಹೇಳಿದ್ದನ್ನೇ ಹೇಳಿದೆ: ಲೈಟ್ ಆರಿಸಿ, ಆಫ್ ಮಾಡಿ, ಸುಮ್ಮನೆ ಕೂರಿ. ಅವರು ಆರಿಸಿದರು. ಕಾಡು ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಅದರ ಪಾಡಿಗೆ ಅದು ಹೋಗುತ್ತದೆ ಎಂದು ನಾನು ಪಿಸುಗುಟ್ಟಿದೆ. ಅದು ರಸ್ತೆಗೆ ಬಂತು. ಹೋಗುತ್ತಿದೆ ಎಂದುಕೊಂಡೆವು. ನಡುರಸ್ತೆಯಲ್ಲಿ ನಿಂತು ಸೊಂಡಿಲು ಮೇಲೆತ್ತಿ ನಮ್ಮ ಕಡೆಗೆ ಬಾಗಿಸಿತು. ಆಗ ನನಗೆ ಹಣ್ಣು ನೆನಪಾಯಿತು.

"ಮೇಡಂ, ಹಣ್ಣು" ಎಂದರು ಡ್ರೈವರಣ್ಣ. ಅವರಿಗೂ ಅದೇ ಕ್ಷಣ ನೆನಪಾಗಿತ್ತು.

"ಸುಮ್ನಿರಿ ಅಣ್ಣ."

"ಹಣ್ಣು ಮೇಡಂ, ಹಿಂದ್ಗಡೆ ಹಣ್ಣು."

ಕಾರು ಸ್ಟಾರ್ಟ್ ಮಾಡಬೇಕಿತ್ತು ಎಂದು ಆಮೇಲೆ ಅನೇಕರು ಹೇಳಿದ್ದಾರೆ. ಅವರೆಲ್ಲ ಆ ಹೊತ್ತು ತಮ್ಮ ತಮ್ಮ ಮನೆಯಲ್ಲಿದ್ದರು. ಅದು ನಮ್ಮ ಬಲಗಡೆಯಿಂದ ಬಂತು. ಡ್ರೈವರಣ್ಣನ ಕಿಟಕಿಯ ತುಂಬ ಬರೀ ಚರ್ಮ ಹಾದುಹೋಯಿತು, ಒಣಗಿದ ಕೆರೆಯ ನೆಲದ ಹಾಗೆ. ಆಮೇಲೆ ಹಿಂದಿನ ಕಿಟಕಿಯಿಂದ ಸೊಂಡಿಲು ಒಳಗೆ ಬಂತು.

ನಾನು ಮುಂದಿನ ಸೀಟಿನಲ್ಲಿ ತಿರುಗಿ ಕೂತಿದ್ದೆ. ಎಲ್ಲವನ್ನೂ ನೋಡಿದೆ. ಸೊಂಡಿಲಿನ ತುದಿ ಒದ್ದೆಯಾಗಿತ್ತು, ಒಂದು ಬೆರಳಿನಂಥದ್ದು ಅದರಲ್ಲಿತ್ತು. ಅದು ಮೊದಲು ಅತಿಥಿಯ ಭುಜ ಮುಟ್ಟಿತು. ಕುತ್ತಿಗೆ ಮುಟ್ಟಿತು. ಗಲ್ಲದ ಕೆಳಗೆ ನಿಂತು ಒಮ್ಮೆ ಉಸಿರು ಬಿಟ್ಟಿತು. ಅವರ ಕನ್ನಡಕ ಮಂಜಾಯಿತು. ಟ್ರಾಕ್ಟರಿನ ಟೈರಿನಿಂದ ಗಾಳಿ ಬಿಟ್ಟಂಥ ಸದ್ದು. ಅವರು ಕದಲಲಿಲ್ಲ, ಕೂಗಲಿಲ್ಲ. ನೇರವಾಗಿ ನನ್ನನ್ನೇ ನೋಡುತ್ತಿದ್ದರು, ಸಭೆಯಲ್ಲಿ ಯಾರಾದರೂ ಅನುವಾದ ಮಾಡಲಿ ಎಂದು ಕಾಯುವವರಂತೆ. ನನ್ನ ಹತ್ತಿರ ಅನುವಾದ ಇರಲಿಲ್ಲ.

ಸೊಂಡಿಲು ಇಳಿದು ಡಬ್ಬಿಗೆ ಬಂತು. ಹಿಡಿಯಿತು. ಎಳೆಯಿತು. ಅತಿಥಿ ಬಿಡಲಿಲ್ಲ.

ಇದನ್ನು ನಾನು ಹೇಳಿದಾಗ ಯಾರೂ ನಂಬುವುದಿಲ್ಲ. ಎರಡು ಕೈಯಲ್ಲೂ ಡಬ್ಬಿ ಹಿಡಿದು, ಬೆರಳು ಬೆಳ್ಳಗಾಗುವ ಹಾಗೆ ಹಿಡಿದು ಕೂತಿದ್ದರು. ಸೊಂಡಿಲು ಎಳೆದಾಗ ಅವರೂ ಡಬ್ಬಿಯೂ ಕಿಟಕಿಯ ಕಡೆಗೆ ಸರಿದರು. ಅವರ ಭುಜ ಬಾಗಿಲಿಗೆ ತಾಗಿತು. ಇನ್ನೊಂದು ಎಳೆತಕ್ಕೆ ತಲೆ ಕಿಟಕಿಯಿಂದ ಆಚೆ ಹೋಗುತ್ತಿತ್ತು.

"ಬುಟ್ಬುಡಿ! ಬುಟ್ಬುಡಿ ಅದ್ನ!" ಎಂದು ನಾನು ಕೂಗಿದೆ. ಇಂಗ್ಲಿಷು ಎಲ್ಲಿ ಹೋಯಿತೋ ಗೊತ್ತಿಲ್ಲ. ಸಂಬಳ ಕೊಡುವುದು ಅದಕ್ಕೇ. ಕೂಗಿ ಪ್ರಯೋಜನವಿಲ್ಲವೆಂದು ತಿಳಿದು, ಸೀಟಿನ ನಡುವಿನಿಂದ ನುಗ್ಗಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಆಗ ಸೊಂಡಿಲು ನನ್ನ ಮಣಿಕಟ್ಟಿಗೆ ತಾಗಿತು. ಬೆಚ್ಚಗಿತ್ತು. ಡಬ್ಬಿ ಕಿಟಕಿಯ ಅಂಚಿಗೆ ಬಡಿದು ಆಚೆ ಹೋಯಿತು. ಅದು ರಸ್ತೆಗೆ ಬಿದ್ದದ್ದೂ, ಒಂದು ಕಾಲು ಅದರ ಮೇಲೆ ಬಂದದ್ದೂ ಕೇಳಿಸಿತು.

ತೊಳೆ ಮುಗಿದ ಮೇಲೆ ಅದು ಕಾರಿನ ಹಿಂದಕ್ಕೆ ಹೋಯಿತು. ಡಿಕ್ಕಿಗೆ ಹಣೆ ಕೊಟ್ಟು ಒತ್ತಿತು. ಹಿಂದಿನ ಗಾಜು ಪುಡಿಯಾಗಿ ನಮ್ಮ ಮೇಲೆ ಬಿತ್ತು. ಡಿಕ್ಕಿಯ ಬಾಗಿಲು ಮಡಚಿಕೊಂಡು ಕೂಗಿತು. ಕಾರು ಕದಲಲಿಲ್ಲ, ಏಕೆಂದರೆ ಡ್ರೈವರಣ್ಣ ಎರಡು ಕಾಲನ್ನೂ ಬ್ರೇಕಿನ ಮೇಲಿಟ್ಟು, ಸ್ಟೇರಿಂಗಿಗೆ ತಲೆ ಒತ್ತಿ, ಮನೆದೇವರನ್ನು ಕರೆಯುತ್ತಿದ್ದರು. ಮತ್ತೆ ಒತ್ತಿತು. ಕಾರಿನ ಹಿಂಭಾಗ ನೆಲದಿಂದ ಮೇಲೆದ್ದು ಬಿತ್ತು. ಇನ್ನೊಮ್ಮೆ ಎದ್ದಿದ್ದರೆ ಮಗುಚುತ್ತಿತ್ತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಹೇಗೆ ಕರೆದುಕೊಂಡು ಹೋದೆನೋ ಹಾಗೇ ವಾಪಸ್ ತರಬೇಕು.

"ಬ್ರೇಕ್ ಬಿಡಲು ಹೇಳು" ಎಂದರು ಅತಿಥಿ. ಸಣ್ಣ ದನಿಯಲ್ಲಿ, ಸ್ಪಷ್ಟವಾಗಿ. "ಅದು ತಳ್ಳಲಿ. ಮುಂದೆ ಇಳಿಜಾರಿದೆ."

"ಅಣ್ಣ, ಬ್ರೇಕ್ ಬಿಡಿ!"

"ಬಿಟ್ರೆ ಹೋಯ್ತದೆ ಮೇಡಂ!"

"ಹೋಗ್ಲಿ ಅಂತಾನೇ ಅಣ್ಣ!"

ಅವರು ಬಿಟ್ಟರು. ಮೂರನೆಯ ಸಲ ಅದು ಒತ್ತಿದಾಗ ಕಾರು ಮುಂದಕ್ಕೆ ಹಾರಿದಂತಾಯಿತು. ಡಿಕ್ಕಿಯ ಬಾಗಿಲು ಚಿಲಕ ಕಿತ್ತು ತೆರೆದುಕೊಂಡು ಹಣ್ಣುಗಳು ರಸ್ತೆಗೆ ಉರುಳಿದವು. ಎಂಜಿನ್ ಇಲ್ಲದ ಕಾರು, ಲೈಟ್ ಇಲ್ಲದ ಕಾರು, ಸುಮ್ಮನೆ ಹಳ್ಳದ ಕಡೆಗೆ ಇಳಿಯಿತು. ನಾನು ಹಿಂದೆ ನೋಡಿದೆ. ಅದು ಬರಲಿಲ್ಲ. ಕರುವಿನಂಥ ಹಣ್ಣನ್ನು ಕಾಲಿನಲ್ಲಿ ಒತ್ತಿ ಸೀಳುತ್ತಿತ್ತು. ನಮ್ಮ ಹತ್ತಿರ ಅದಕ್ಕಿದ್ದ ಕೆಲಸ ಮುಗಿದಿತ್ತು.

ಮೋರಿ ದಾಟಿದ ಮೇಲೆ ಡ್ರೈವರಣ್ಣ ಕೀ ತಿರುಗಿಸಿದರು. ದೊಡ್ಡಆಲಹಳ್ಳಿಯ ಟೀ ಅಂಗಡಿಯವರೆಗೂ ಮುರಿದ ಬಾಗಿಲು ಬಡಿದುಕೊಳ್ಳುತ್ತಾ ಬಂತು.

ಅಂಗಡಿಯ ಬೆಂಚಿನ ಮೇಲೆ ಕೂತು, ಯಾಕೆ ಡಬ್ಬಿ ಬಿಡಲಿಲ್ಲ ಎಂದು ಕೇಳಿದೆ. "ವಾಪಸ್ ಬರಬೇಕು ಅಂದಿದ್ದೆಯಲ್ಲ" ಎಂದರು ಅತಿಥಿ. ತಮಾಷೆಗೆ ಹೇಳಿದರೋ ನಿಜವಾಗಿಯೋ ನನಗೆ ಇವತ್ತಿಗೂ ತಿಳಿಯದು. ಅಂಗಡಿಯಾಕೆ ಟೀ ಲೋಟವನ್ನು ತಾವೇ ಹಿಡಿದು ಅವರಿಗೆ ಕುಡಿಸಿದರು.

ಮಾವನಿಗೆ ಫೋನ್ ಮಾಡಿ ಹೇಳಿದೆ.

"ಅಮ್ಮಾರು?" ಎಂದರು ಅವರು.

"ಚೆನ್ನಾಗವ್ರೆ ಮಾವ."

"ಅಮ್ಮಾರ್ ಕೈಲೇ ಇತ್ತಲ್ಲಾ ಡಬ್ಬಿ."

"ಚೆನ್ನಾಗವ್ರೆ. ಏನೂ ಆಗಿಲ್ಲ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಮಾವ ನಿಂತಿದ್ದರು. ಮೊದಲ ಬಸ್ಸಿಗೆ ಬಂದಿದ್ದಾರೆ. ಹುಳು ಕೊನೆಯ ಹಂತದಲ್ಲಿರುವಾಗ ಅವರು ತೋಟ ಬಿಟ್ಟು ಬಂದದ್ದನ್ನು ನಾನು ಕಂಡಿಲ್ಲ, ನಮ್ಮಮ್ಮನ ಆಪರೇಶನ್ನಿಗೂ ಬಂದಿರಲಿಲ್ಲ. ಒಳಗೆ ಬನ್ನಿ ಎಂದರೆ ಬರಲೊಲ್ಲರು. ಅತಿಥಿಯನ್ನು ಹೊರಗೆ ಕರೆದುಕೊಂಡು ಬಂದೆ. ಮಾವ ಅವರ ಮುಖ ನೋಡದೆ ಕಾಲು ನೋಡುತ್ತಾ ನನ್ನನ್ನು ಕೇಳಿದರು:

"ಒಸಿ ನಡೀಲಿ ಅನ್ನು ಮಗ. ನೋಡ್ತೀನಿ."

ಮಾವ ಇದೇ ರೀತಿ ಸಂತೆಯಲ್ಲಿ ಹಸು ನೋಡುವುದನ್ನು ನಾನು ಕಂಡಿದ್ದೇನೆ. ಹೇಗೆ ಹೇಳುವುದೆಂದು ತೋಚದೆ, ನೀವು ಸ್ವಲ್ಪ ನಡೆಯಬೇಕಂತೆ ಎಂದೆ. ಅತಿಥಿ ಯಾಕೆಂದು ಕೇಳಲಿಲ್ಲ. ಗೇಟಿನಿಂದ ಕಾಂಪೌಂಡಿನ ತುದಿಯವರೆಗೆ ನಡೆದು ಹೋದರು, ತಿರುಗಿ ಬಂದರು. ಮಾವ ನೋಡಿದರು. ಕೈಯನ್ನೂ ಆಡಿಸಲಿ ಎಂದರು. ಅವರು ಎರಡೂ ಕೈ ಆಡಿಸಿದರು. ಆಮೇಲೆ ಮಾವ ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ಕೆಳಗೆ ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡರು. ಒಳಗಿಂದ ಬಂದ ಯಜಮಾನರು ಬಾಗಿಲಲ್ಲೇ ನಿಂತರು. ಅತಿಥಿ ಮಾವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಇಬ್ಬರಿಗೂ ಭಾಷೆ ಇರಲಿಲ್ಲ. ನಾನು ಅನುವಾದ ಮಾಡಲು ನಿಂತಿದ್ದೆ.

ಬಣ್ಣದ ವರದಿ ಚೆನ್ನಾಗಿ ಬಂತು. ಸಹಿ ಬಿತ್ತು. ಅವರು ಅಂದು ರಾತ್ರಿಯ ವಿಮಾನಕ್ಕೆ ಹೋದರು.

ನಾನು ಮಾತ್ರ ಇನ್ನೂ ಆ ಇಳಿಜಾರಿನಲ್ಲಿದ್ದೇನೆ. ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಗಿಲಕಿಗಳನ್ನು ಪೆಟ್ಟಿಗೆಗೆ ತುಂಬಿಸುವಾಗ ಅದು ತಾನಾಗಿ ಶುರುವಾಗುತ್ತದೆ: ತಿರುವು, ಬೇಲಿ, ಕಿಟಕಿ, ಗಲ್ಲದ ಕೆಳಗೆ ಆ ಉಸಿರು. ಪ್ರತಿ ಸಲ ಏನಾದರೂ ಬದಲಾಯಿಸಿ ನೋಡುತ್ತೇನೆ. ಕಿಟಕಿ ಮುಚ್ಚಿಸುತ್ತೇನೆ. ಕೋಳಿ ಬೇಯುವ ಮೊದಲೇ ಹೊರಡಿಸುತ್ತೇನೆ. ಅತಿಥಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾನು ಹಿಂದೆ ಕೂರುತ್ತೇನೆ, ಅದು ಅಷ್ಟು ಚೆನ್ನಾಗಿ ಮುಗಿಯುವುದಿಲ್ಲ. ಎಲ್ಲಕ್ಕಿಂತ ಸುಲಭವಾದದ್ದು ಹಣ್ಣು ಬೇಡ ಎನ್ನುವುದು. ಅಲ್ಲಿಗೆ ಬಂದಾಗಲೆಲ್ಲ ಆ ಗಂಡಸು, ನಮ್ದೇನ್ ಸಪ್ಪೆಯಾ ಎನ್ನುತ್ತಾರೆ. ನಾನು ಪಕ್ಕಕ್ಕೆ ಸರಿಯುತ್ತೇನೆ. ಯೋಚನೆಯಲ್ಲಿ ಕೂಡ ನನಗೆ ಆ ಡಿಕ್ಕಿಯ ಬಾಗಿಲು ಮುಚ್ಚಲು ಆಗಿಲ್ಲ.

ಕಳೆದ ತಿಂಗಳು ಧೈರ್ಯ ಮಾಡಿ, ಹಗಲಿನ ಬಸ್ಸಿನಲ್ಲಿ ಮಾವನ ಊರಿಗೆ ಹೋಗಿದ್ದೆ. ಹಿತ್ತಲಿನ ಹಲಸಿನ ಮರ ಇರಲಿಲ್ಲ, ಕೊಯ್ದ ಬುಡ ಮಾತ್ರ ಇತ್ತು. ಮಾವ ಊಟ ಹಾಕಿದರು, ರೇಷ್ಮೆ ಗೂಡಿನ ರೇಟಿನ ಬಗ್ಗೆ ಮಾತಾಡಿದರು. ಹೊರಡುವ ಹೊತ್ತಿಗೆ ಅತ್ತೆ ಒಳಗೆ ಹೋದವರು ಬಹಳ ಹೊತ್ತು ಬರಲೇ ಇಲ್ಲ. ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ತೆಗೆಯುವ, ಮುಚ್ಚುವ ಸದ್ದು ಕೇಳುತ್ತಿತ್ತು. ಉಪ್ಪಿನಕಾಯಿ, ತುಪ್ಪ, ಹುರಿದ ಕಡಲೆಕಾಯಿ, ಬಾಳೆಹಣ್ಣು, ಎಲ್ಲವನ್ನೂ ಕೈಗೆತ್ತಿಕೊಂಡು ವಾಪಸ್ ಇಟ್ಟಿರಬೇಕು. ಕೊನೆಗೆ ಒಂದು ಚೀಲ ರಾಗಿ ಹಿಟ್ಟು ತಂದರು. ಕೊಡುವ ಮೊದಲು ಬಾಯಿ ಬಿಚ್ಚಿ ಮೂಸಿ ನೋಡಿದರು.

"ಇದಕ್ಕೇನ್ ವಾಸ್ನೆ ಇಲ್ಲ ಕಣವ್ವ. ತಗ."

"ಇಲ್ಲಿ ಕೊಡು" ಎಂದು ಮಾವ ಚೀಲ ಇಸಕೊಂಡು ತಾವೂ ಮೂಸಿದರು. ಸ್ವಲ್ಪ ಯೋಚಿಸಿ ಇನ್ನೊಮ್ಮೆ ಮೂಸಿದರು. ನನ್ನ ಕೈಗೆ ಕೊಟ್ಟರು. ಬಸ್ಸಿನ ಹಾರ್ನ್ ಊರ ಬಾಗಿಲಲ್ಲಿ ಕೇಳಿಸುತ್ತಿತ್ತು. ನಾನೂ ಮೂಸಿದೆ.